ಗೋಲ್‌ಕೀಪರನ ಗಣಿತದ ಮಾರ್ಕು

ಗಣಿತದ ಟೀಚರಿಗೆ ನಗು ಬರುವಂಥ ಪ್ರಸಂಗಗಳೆಲ್ಲ ನಡೆಯುವುದು ಎದುರಿಗಿರುವವರು ಅಳುವ ಹೊತ್ತಿನಲ್ಲಿ. ಎಣ್ಣೆಯ ಬೆಲೆ ಕುಸಿದು ಒಮಾನಿನ ಸೊಹಾರ್‌ನ ಕಂಪನಿಗಳು ಜನರನ್ನು ಊರಿಗೆ ಕಳಿಸುತ್ತಿದ್ದ ಕಾಲದಲ್ಲಿ ಅಲ್ಲೊಂದು ಶಾಲೆಯಲ್ಲಿದ್ದೆ. ಹಾಗಾಗಿ ನನಗೆ ಇಂಥವು ಸ್ವಲ್ಪ ಜಾಸ್ತಿಯೇ ಸಿಕ್ಕಿದವು.

೧. ಎರಡು ಗೀಟು

ಫೇಲಾದವರು ಅಂತರಶಾಲಾ ಫುಟ್‌ಬಾಲ್ ಆಡುವಂತಿಲ್ಲ ಎಂಬುದು ನಿಯಮ. ಅರ್ಧವಾರ್ಷಿಕದಲ್ಲಿ ನಮ್ಮ ಹತ್ತನೇ ಕ್ಲಾಸಿನ ಗೋಲ್‌ಕೀಪರನಿಗೆ ಗಣಿತದಲ್ಲಿ ಬಂದದ್ದು ಹತ್ತೊಂಬತ್ತು. ಮಂಡ್ಯ ಕಡೆಯ ಪಿ.ಟಿ. ಮಾಸ್ಟ್ರು ಸ್ಟಾಫ್‌ರೂಮಿಗೆ ಬಂದು ಪಕ್ಕದಲ್ಲಿ ಕೂತರು.

"ಮೇಡಂ, ಒಂದನ್ನ ನಾಲ್ಕು ಮಾಡೋಕೆ ಎರಡು ಗೀಟು ಸಾಕು. ನಲವತ್ತೊಂಬತ್ತಾಗುತ್ತೆ."

"ಗೀಟು ಎಳೆದರೆ ನನ್ನ ಕೆಲಸ ಹೋಗ್ತದೆ ಸರ್."

"ಈ ವರ್ಷ ಎಲ್ಲರದ್ದೂ ಹೋಗುತ್ತೆ ಬಿಡಿ ಮೇಡಂ. ಒಂದು ಕಪ್ಪಾದ್ರೂ ಉಳೀಲಿ."

೨. ಪ್ರೀತಿಯಿಂದ

ಆಮೇಲೆ ಪ್ರಿನ್ಸಿಪಾಲರು ಕರೆದರು. ವಾರವಾರವೂ ಮಕ್ಕಳು ಟಿ.ಸಿ. ತೆಗೆದುಕೊಂಡು ಹೋಗುತ್ತಿದ್ದರು. ಕಪ್ ಗೆದ್ದರೆ ನಾಲ್ಕು ಜನ ಶಾಲೆಯ ಹೆಸರು ಹೇಳಿಯಾರು ಎಂದು ಅವರಿಗೆ ಆಸೆ. "ಬದಲಾಯಿಸಿ ಅಂತ ನಾನು ಹೇಳುವುದೇ ಇಲ್ಲ. ಉತ್ತರಪತ್ರಿಕೆಯನ್ನು ಇನ್ನೊಮ್ಮೆ ಪ್ರೀತಿಯಿಂದ ನೋಡಿ, ಅಷ್ಟೆ" ಎಂದರು.

ಮನೆಗೆ ಒಯ್ದು ಪ್ರೀತಿಯಿಂದಲೇ ನೋಡಿದೆ. ಕೂಡುವಾಗ ನಾನೇ ಎರಡು ಮಾರ್ಕು ಹೆಚ್ಚು ಹಾಕಿದ್ದೆ. ಮರುದಿನ ಹದಿನೇಳು ಎಂದು ತೋರಿಸಿದೆ.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮರುಪರೀಕ್ಷೆ ಕೊಡಿ. ಇನ್ನು ಪ್ರೀತಿ ಮಾತ್ರ ಬೇಡ."

೩. ಅಪ್ಪ

ಹುಡುಗನ ಅಪ್ಪ ಮಂಗಳೂರಿನ ಕ್ಯಾಥೊಲಿಕರು, ರಿಫೈನರಿ ಕಂಟ್ರ್ಯಾಕ್ಟರನ ಹತ್ತಿರ ಟೆಕ್ನಿಷಿಯನ್. ಒಂದು ಸಂಜೆ ಮನೆಗೆ ಬಂದರು, ಕೊಟ್ಟ ಚಹಾವನ್ನು ಮುಟ್ಟಲೇ ಇಲ್ಲ.

"ಟೀಚರೇ, ನನ್ನದು ಖಲಾಸ್. ನೋಟಿಸು ಕೊಟ್ಟಾಯ್ತು. ಊರಿನ ಒಂದು ಕಾಲೇಜಿನ ಕೋಚು ಮಸ್ಕತ್ತಿನ ಮ್ಯಾಚಿಗೆ ಬರ್ಲಿಕ್ಕುಂಟು. ಇವ ಹಿಡಿಸಿದ್ರೆ ಪಿಯುಸಿ ಸೀಟು, ಹಾಸ್ಟೆಲು, ಎರಡೂ ಅವರದ್ದೇ. ಇವ ಆಡದಿದ್ರೆ ನಾನು ಎಂತ ಮಾಡ್ಲಿ?"

ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. "ಮಾರ್ಕು ತಿದ್ದಲಿಕ್ಕೆ ನನ್ನಿಂದಾಗುದಿಲ್ಲ. ಶಾಲೆ ಬಿಟ್ಟ ಮೇಲೆ ಅವನನ್ನು ದಿನಾ ಇಲ್ಲಿಗೆ ಕಳಿಸಿ, ಪಾಠ ಹೇಳಿಕೊಡ್ತೇನೆ" ಎಂದೆ.

ಅವರು ಗಾಬರಿಯಾದರು. "ಪಾಠ ಎಂತಕ್ಕೆ ಟೀಚರೇ? ಪಾಸಾದ್ರೆ ಸಾಕು!"

೪. ಪಾಸು

ಹುಡುಗ ಬಂದ. ಅವರ ಮನೆಯ ಮೇಜು ಕುರ್ಚಿ ಆಗಲೇ ಮಾರಿಹೋಗಿದ್ದವು, ನನ್ನ ಊಟದ ಮೇಜಿನ ಮೇಲೆಯೇ ಲೆಕ್ಕ ಮಾಡುತ್ತಿದ್ದ. ಮರುಪರೀಕ್ಷೆಯಲ್ಲಿ ಮೂವತ್ತಾರು ತೆಗೆದ. ಎರಡೆರಡು ಸಲ ಕೂಡಿ ನೋಡಿದೆ, ಮೂವತ್ತಾರೇ.

ಒಬ್ಬರೂ ನಂಬಲಿಲ್ಲ. ಪಿ.ಟಿ. ಮಾಸ್ಟ್ರು ಬರ್ಕಾ ಪೇಟೆಯಿಂದ ಖರ್ಜೂರದ ಡಬ್ಬಿ ತಂದುಕೊಟ್ಟು, "ಗೀಟು ಎಲ್ಲಿ ಎಳೆದಿದ್ದೀರಿ ಅಂತಾನೇ ಗೊತ್ತಾಗಲ್ಲ ಮೇಡಂ" ಎಂದು ಮೆಚ್ಚಿದರು. ಕೊನೆಗೆ ಹುಡುಗನೇ ಬಂದು ನಿಂತ.

"ಮಿಸ್, ಡ್ಯಾಡ್ ನಿಮ್ಮ ಹತ್ರ ತುಂಬಾ ಅತ್ರಾ?"

"ನೀನೇ ಬರೆದದ್ದಲ್ವಾ ಮಾರಾಯ?"

"ಯೆಸ್ ಮಿಸ್. ಬಟ್ ಮ್ಯಾಥ್ಸಲ್ಲಿ ನಾನು ಪಾಸಾಗುದಿಲ್ಲ."

೫. ಕೋಚು

ಮ್ಯಾಚಿಗೆ ನಾವೆಲ್ಲ ಮಸ್ಕತ್ತಿಗೆ ಹೋದೆವು. ನಮ್ಮ ಡಿಫೆಂಡರುಗಳಿಬ್ಬರೂ ಹಿಂದಿನ ವಾರವಷ್ಟೇ ಅಪ್ಪಂದಿರ ಜೊತೆ ಊರಿಗೆ ವಿಮಾನ ಹತ್ತಿದ್ದರು. ಚೆಂಡು ತಡೆಯಿಲ್ಲದೆ ಬರುತ್ತಲೇ ಇತ್ತು, ಹುಡುಗ ಬಿದ್ದು ಬಿದ್ದು ಏಳುತ್ತಿದ್ದ. ಐದು ಗೋಲಾದವು. ಅವನ ಅಪ್ಪ ಮೂರನೆಯದಕ್ಕೇ ಎದ್ದು ಹೋಗಿ ಕಾರಿನ ಹಿಂದೆ ನಿಂತುಬಿಟ್ಟಿದ್ದರು.

ಮ್ಯಾಚ್ ಮುಗಿದ ಮೇಲೆ ಕೋಚು ಬಂದು ಹುಡುಗನ ಮಾರ್ಕ್ಸ್ ಕಾರ್ಡು ಕೇಳಿ ನೋಡಿದರು.

"ಗಣಿತ ಪಾಸಾ? ಗೋಲು ತಡೆಯುದನ್ನು ನಾನು ಕಲಿಸ್ತೇನೆ. ನಮ್ಮ ಇಬ್ಬರು ಕೀಪರುಗಳೂ ಗಣಿತದಲ್ಲಿ ಡುಮ್ಕಿ ಹೊಡೆದು ಹೊರಗೆ ಕೂತಿದ್ದಾರೆ. ಈ ಮಾರ್ಕು ನಿಜವಾದದ್ದೇ ಅಲ್ವಾ?"

ಎಲ್ಲರೂ ನನ್ನನ್ನು ನೋಡಿದರು.

"ಅವನೇ ಬರೆದು ತೆಗೆದ ಮಾರ್ಕು" ಎಂದೆ.

ಪ್ರಿನ್ಸಿಪಾಲರು ಆಕಾಶ ನೋಡಿದರು. ಕಾರಿನ ಹಿಂದಿನಿಂದ ಬಂದಿದ್ದ ಅಪ್ಪ ಕೈಮುಗಿದರು. ಹುಡುಗ ತಲೆ ತಗ್ಗಿಸಿದ. ಸೀಟು ಗಟ್ಟಿಯಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅರ್ಧ ಸೀಟುಗಳು ಖಾಲಿ. ಪಿ.ಟಿ. ಮಾಸ್ಟ್ರು ಮೆಲ್ಲಗೆ ನನ್ನ ಕಡೆ ಬಾಗಿದರು.

"ಮಾರ್ಕು ತಿದ್ದೋದು ಯಾರಿಗೆ ಬೇಕಾದ್ರೂ ಬರುತ್ತೆ ಮೇಡಂ. ಆದ್ರೆ ಅಷ್ಟು ಗಂಭೀರವಾಗಿ ಸುಳ್ಳು ಹೇಳೋಕೆ, ನಮ್ಮಪ್ಪನಾಣೆ, ನನ್ನ ಕೈಲಾಗಲ್ಲ."