ಪ್ರೇಮಾನಂದನ ಜೋಡಿ ಕಣ

"ನಾ ಹುಡ್ಕು ಕಣ ಸಿಕ್ಕ್ ಮೇಲೆ ಮದಿ ಆತೆ ಅಮ್ಮ, ಅಲ್ಲಿವರಿಗೆ ಕೇಣ್ಬೇಡ" ಎಂದು ಹಂಗಾರಕಟ್ಟೆಯ ಪ್ರೇಮಾನಂದ ತಾಯಿ ವನಜಕ್ಕನ ತಲೆ ಮುಟ್ಟಿ ಮದುವೆಯ ಬಗ್ಗೆ ಮಾತು ಕೊಟ್ಟದ್ದು ಹತ್ತು ವರ್ಷದ ಹಿಂದೆ. ಮುಂಬೈಯ ಸಂಶೋಧನಾ ಕೇಂದ್ರವೊಂದರಲ್ಲಿ ಅವನದು ವಿಚಿತ್ರ ಕೆಲಸ. ಜಿನೀವಾದ ಸುರಂಗದಲ್ಲಿ ಪ್ರೋಟಾನುಗಳನ್ನು ಎದುರುಬದುರು ಗುದ್ದಿಸುತ್ತಾರೆ. ಸಿಡಿದ ಚೂರುಪಾರುಗಳಲ್ಲಿ ಇವನು ಹೊಸ ಕಣ ಹುಡುಕಬೇಕು. ಲೋಕದ ಒಂದೊಂದು ಕಣಕ್ಕೂ ಎಲ್ಲೋ ಒಂದು ಜೋಡಿ ಕಣ ಇದ್ದೀತೆಂಬುದು ಊಹೆ. ಆ ಜೋಡಿಗಳನ್ನು ಹುಡುಕುತ್ತ ಹುಡುಕುತ್ತ ಇವನಿಗೇ ಮೂವತ್ತನಾಲ್ಕಾಯಿತು.

೨೦೧೨ರ ಜುಲೈ ಐದು. ರಜೆಯಲ್ಲಿ ಬಂದವನು ಹಲ್ಲುಜ್ಜುತ್ತಿದ್ದಾಗ, ದೋಣಿ ಕಟ್ಟುವ ನೆರೆಮನೆಯ ಶೇಖರಣ್ಣ ಪೇಪರನ್ನು ಬಾವುಟದಂತೆ ಬೀಸುತ್ತ ಓಡಿಬಂದ.

"ಹ್ವಾಯ್ ವನಜಕ್ಕ! ಕಣ ಸಿಕ್ಕಿತಂಬ್ರ! ಪೇಪರಂಗೆ ಹಾಕಿರ್ ಕಾಣಿ!"

"ಅಯ್ಯೋ, ಅದ್ ಬೇರೆ ಕಣ, ನಾ ಹುಡ್ಕುದ್ ಅಲ್ಲ!" ಎಂದ ಪ್ರೇಮಾನಂದ. ಬಾಯಿ ತುಂಬ ನೊರೆ. ನೊರೆಯೊಳಗಿನ ಸತ್ಯ ಯಾರಿಗೂ ಕೇಳಿಸಲಿಲ್ಲ.

ಅವನು ಬಾಯಿ ಮುಕ್ಕಳಿಸುವಷ್ಟರಲ್ಲಿ ವನಜಕ್ಕ ಬೈಂದೂರಿಗೆ ಫೋನು ಮಾಡಿಯಾಗಿತ್ತು. ಅಲ್ಲಿಯ ಹುಡುಗಿಯ ಜಾತಕ ಆರು ತಿಂಗಳಿಂದ ಅಕ್ಕಿ ಡಬ್ಬಿಯಲ್ಲಿ ಕಾದು ಕುಳಿತಿತ್ತು. ಅಂಗಳಕ್ಕೆ ಬಂದವರಿಗೆಲ್ಲ ಬೆಲ್ಲ. ಸೆಲೂನಿನ ನಾಗು ಮನೆಗೇ ಬಂದು, "ಕಣ ಸಿಕ್ಕಿತಲೆ, ಇನ್ನ್ ಗಡ್ಡ ಎಂತಕೆ ಮಾರಾಯ?" ಎಂದು ಹತ್ತು ವರ್ಷದ ಗಡ್ಡವನ್ನು ಅರ್ಧ ಬೋಳಿಸಿಯೇಬಿಟ್ಟ. ಉಳಿದರ್ಧಕ್ಕಾಗಿ ಹೋರಾಡುವುದರಲ್ಲಿ ಅರ್ಥವಿರಲಿಲ್ಲ.

ಶೇಖರಣ್ಣನ ಓಮ್ನಿಯಲ್ಲಿ ಬೈಂದೂರು ಮುಟ್ಟುವವರೆಗೂ ವಾದ.

"ನೀವ್ ಅಂಜಲ್ ಮೀನಿಗೆ ಬಲೆ ಹಾಕಿ, ಮತ್ಯಾರಿಗೋ ಮಾಂಜಿ ಮೀನ್ ಸಿಕ್ರೆ ಅದ್ ನಿಮ್ದಾ ಶೇಖರಣ್ಣ?"

"ಮೀನ್ ಸಿಕ್ಕಿತಾ ಇಲ್ಯಾ? ಸಾರ್ ಆತ್ತಾ ಇಲ್ಯಾ? ಸುಮ್ನೆ ಕೂಕೊ!"

ಹುಡುಗಿಗೇ ನಿಜ ಹೇಳಿ ಪಾರಾಗುವುದೆಂದು ಪ್ರೇಮಾನಂದ ನಿಶ್ಚಯಿಸಿದ. ಹುಡುಗಿ ಚೇತನಾ, ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರು. ಅವಳು ತಿಂಡಿ ತಂದಿಟ್ಟದ್ದೇ ತಡ, ಇವನು ನೆಲ ನೋಡುತ್ತಲೇ ಶುರುಹಚ್ಚಿದ. ಎರಡು ರವೆ ಲಾಡುಗಳನ್ನು ಪ್ರೋಟಾನು ಮಾಡಿ ಗುದ್ದಿಸಿದ. ಪುಡಿ ಹಾರಿ ಶೇಖರಣ್ಣನ ಮೀಸೆ ಬೆಳ್ಳಗಾಯಿತು. ಸಿಕ್ಕಿದ ಕಣ ತನ್ನದಲ್ಲ, ತನ್ನದು ಸಿಗುವ ಲಕ್ಷಣವೂ ಇಲ್ಲ, ಅಮ್ಮನ ತಲೆ ಮುಟ್ಟಿ ಆಡಿದ ಮಾತಿನ ಪ್ರಕಾರ ಮದುವೆ ಅಸಾಧ್ಯ ಎಂದು ಅರ್ಧ ಗಂಟೆಯಲ್ಲಿ ಸಾಬೀತು ಮಾಡಿದ. ಕೊನೆಗೂ ವನಜಕ್ಕನಿಗೆ ಅರ್ಥವಾಯಿತು.

ಆಗ ಚೇತನಾ ಕಿಲಕಿಲ ನಕ್ಕಳು. "ಎರಡ್ ಲಾಡ್ ಗುದ್ಸಿರೆ ಸಾಕಾ? ನಿಮ್ಗೆ ಕೋಟಿಗಟ್ಲೆ ಬೇಕಲ್ದಾ? ಒಳಗೆ ಇನ್ನೂ ಇತ್ತ್, ತತ್ತೆ."

ಪ್ರೇಮಾನಂದ ತಲೆಯೆತ್ತಿದ. ಅಲ್ಲಿಗೆ ಕೆಟ್ಟ. ಹತ್ತು ವರ್ಷ ಯಾವ ಯಂತ್ರದಲ್ಲೂ ಕಾಣದ್ದು ತಟ್ಟೆ ಹಿಡಿದು ಎದುರಿಗೇ ನಿಂತಿತ್ತು.

"ಅಮ್ಮ," ಎಂದ ಮೆಲ್ಲಗೆ, "ಸರಿಯಾಯ್ ಕಂಡ್ರೆ... ಕಣ ಸಿಕ್ಕಿದ್ ಸಿಕ್ಕಿದ್ದೇ. ಮದಿ ಆಯ್ಲಕ್."

"ಈಗಷ್ಟೇ ಅದ್ ನಂದಲ್ಲ ಅಂದ್ಯಲೆ!" ಎಂದ ಶೇಖರಣ್ಣ, ಮೀಸೆ ಕೊಡವುತ್ತ.

"ನಂದಲ್ದಿರೆ ಎಂತಾಯ್ತ್? ಕಣ ಅಲ್ದಾ?"

ಚೇತನಾಳ ನಗು ನಿಂತಿತು. "ನಿಮ್ ಕಣ ಅಲ್ಲ ಅಂದೇಳಿ ನೀವೇ ಲಾಡ್ ಪುಡಿ ಮಾಡಿ ತೋರ್ಸಿದ್ರಿ. ಹೆತ್ತಮ್ಮನ ತಲೆ ಮುಟ್ಟಿ ಹೇಳಿದ್ ಮಾತಿಗೆ ತಪ್ಪು ಗಂಡ್ ನಂಗ್ ಬ್ಯಾಡ. ಸಿಕ್ಕ್ ಮೇಲೆ ಬನ್ನಿ."

"ಹೌದ್ ಮಗಾ, ಹೆಣ್ ಸರಿಯಾಯೇ ಹೇಳ್ತ್" ಎಂದು ವನಜಕ್ಕ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು.

ಜೋಡಿ ಕಣ ಇನ್ನೂ ಸಿಕ್ಕಿಲ್ಲ. ಪ್ರೇಮಾನಂದ ಮಾತಿಗೆ ತಪ್ಪಲಿಲ್ಲ.