ಅ ಎಂಬುವರು ಬ ಎಂಬುವರಿಗೆ

ನನ್ನಂಥವನ ಕೈಗೆ ಬೀಜಗಣಿತ ಸಿಕ್ಕಬಾರದಿತ್ತು. ಹೈಸ್ಕೂಲಿನಲ್ಲಿ ನನ್ನ ತಲೆಗೆ ಹತ್ತಿದ್ದು ಅದೊಂದೇ: ಯಾವ ವಸ್ತುವಿಗಾದರೂ ಒಂದು ಅಕ್ಷರ ಅಂಟಿಸಿಬಿಟ್ಟರೆ ಮತ್ತೆ ಅದರ ಹೆಸರು ಹಿಡಿದು ಕರೆಯುವ ತಾಪತ್ರಯವಿಲ್ಲ. ಈ ಜ್ಞಾನವನ್ನು ಮೊದಲು ಮನೆಯಲ್ಲೇ ಪ್ರಯೋಗಿಸಿದೆ. ಅಡುಗೆಮನೆಯ ಡಬ್ಬಗಳ ಮೇಲೆ ಅ, ಬ, ಕ ಎಂದು ಅಂದವಾಗಿ ಬರೆದೆ. ಯಾವುದರಲ್ಲಿ ಏನಿದೆ ಎಂಬ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಆಫೀಸಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಹೆಂಡತಿ, "ಮೆಣಸಿನಪುಡಿ ಅಂತ ಬರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ತಟ್ಟೆ ಕುಕ್ಕಿದಳು. ಇವಳಿಗೆ ಗಣಿತ ಒಗ್ಗುವುದಿಲ್ಲ ಎಂದುಕೊಂಡೆ.

ಆಗ ನಾನು ಬೆಟ್ಟದಪುರದ ಕಡೆಯ ಒಂದು ಹಳ್ಳಿಯಲ್ಲಿ ಪಂಚಾಯಿತಿ ಸೆಕ್ರೆಟರಿ. ಎತ್ತು ಕೊಟ್ಟವರು, ಗಾಡಿ ಕೊಟ್ಟವರು, ಮದುವೆಗೆ ಕೊಪ್ಪರಿಗೆ ಕೊಟ್ಟವರು, ಎಲ್ಲರೂ ಕರಾರು ಬರೆಸಲು ನನ್ನ ಹತ್ತಿರವೇ ಬರುತ್ತಿದ್ದರು. ಬರೆದು ಬರೆದು ಬೇಸತ್ತ ನಾನು ಒಂದು ಉಪಾಯ ಮಾಡಿ, ಎಲ್ಲಕ್ಕೂ ಒಪ್ಪುವ ಒಂದೇ ನಮೂನೆಯನ್ನು ಪಿರಿಯಾಪಟ್ಟಣದಲ್ಲಿ ಸೈಕ್ಲೋಸ್ಟೈಲ್ ಮಾಡಿಸಿದೆ. "ಅ ಎಂಬುವರು ಬ ಎಂಬುವರಿಗೆ ಕ ಎಂಬುದನ್ನು ಕೊಟ್ಟಿರುತ್ತಾರೆ. ಅವಧಿ ಮುಗಿದ ಕೂಡಲೇ ಬ ಎಂಬುವರು ಕ ಎಂಬುದನ್ನು ಅ ಎಂಬುವರ ಸ್ವಾಧೀನಕ್ಕೆ ಒಪ್ಪಿಸತಕ್ಕದ್ದು." ಕೆಳಗೆ ಅ, ಬ, ಕ ಯಾರು ಯಾವುದು ಎಂದು ತುಂಬಲು ಮೂರು ಖಾಲಿ ಗೆರೆ. ಎತ್ತಾದರೂ ಸರಿ, ಏಣಿಯಾದರೂ ಸರಿ. ಅದನ್ನು ನೋಡಿ ನೋಡಿ ನಾನೇ ಹಿಗ್ಗುತ್ತಿದ್ದೆ.

ಹೊಗೆಸೊಪ್ಪಿನ ಕಾಲ ಬಂತು. ಸಿದ್ದೇಗೌಡರ ಬ್ಯಾರನ್ನಿನ, ಎಂದರೆ ಸೊಪ್ಪು ಬೇಯಿಸುವ ಮನೆಯ, ಗೋಡೆ ಕುಸಿಯಿತು. ಪಕ್ಕದ ಹೊಲದ ವಿಧವೆ ನಿಂಗಮ್ಮ ತನ್ನ ಬ್ಯಾರನ್ನನ್ನು ಮೂರು ವಾರಕ್ಕೆ ಬಿಟ್ಟುಕೊಡಲು ಒಪ್ಪಿದಳು. ಗೌಡರು ಈಸಿಕೊಂಡದ್ದನ್ನು ಹಿಂದಿರುಗಿಸುವುದರಲ್ಲಿ ಕೊಂಚ ಮರೆಗುಳಿ, ಅದಕ್ಕೇ ಕಾಗದ ಬೇಕೆಂದಳು. ಇಬ್ಬರೂ ಬಂದರು. ನಾನು ಲೇಖನಿ ಹಿಡಿದು ಠೀವಿಯಿಂದ, "ಅ ಯಾರು?" ಎಂದೆ.

"ಅ ಅಂದ್ರೆ ಮೊದಲ್ನೇದು ತಾನೆ?" ಎಂದರು ಗೌಡರು. "ಊರಲ್ಲಿ ಮೊದಲ್ನೇ ವೀಳ್ಯ ನಮ್ಮನೇಗೇ ಬರಾದು. ನನ್ನೆಸ್ರೇ ಬರ್ಕೊಳಿ."

"ಅಂಗೇ ಆಗ್ಲಿ ಬುಡಿ, ದೊಡ್ಡೋರು," ಎಂದಳು ನಿಂಗಮ್ಮ. "ನನ್ ಬ್ಯಾರನ್ ನಂಗೆ ವಾಪಸ್ ಸಿಕ್ರೆ ಸಾಕು."

ಅ, ಸಿದ್ದೇಗೌಡರು. ಬ, ನಿಂಗಮ್ಮ. ಕ, ಬ್ಯಾರನ್. ನಮೂನೆ ನನ್ನದೇ, ಮತ್ತೆ ಓದುವುದೇನು? ಮೊಹರು ಒತ್ತಿ ಕಳಿಸಿದೆ.

ಮೂರು ವಾರದ ಮೇಲೆ ನಿಂಗಮ್ಮ ಓಡಿ ಬಂದಳು. ಅವಳ ಸೊಪ್ಪು ಕಿತ್ತು, ಕಡ್ಡಿಗೆ ಕಟ್ಟಿ ಆಗಿತ್ತು. ಇನ್ನೆರಡು ದಿನದೊಳಗೆ ಬೇಯಿಸದಿದ್ದರೆ ವರ್ಷದ ದುಡಿಮೆಯೆಲ್ಲ ತಿಪ್ಪೆಗೆ. ಬ್ಯಾರನ್ನಿಗೆ ಮಾತ್ರ ಗೌಡರ ಬೀಗ. ಹಿಂದೆಯೇ ಬಂದ ಗೌಡರು ನನ್ನ ಕಾಗದ ಮುಂದೆ ಹಿಡಿದು, "ಜೋರಾಗಿ ಓದಿ ಸ್ವಾಮಿ, ಎಲ್ರೂ ಕೇಳ್ಲಿ" ಎಂದರು. ಜಗಲಿಯ ತುಂಬ ಜನ. ಗೌಡರು ನಿಂಗಮ್ಮನಿಗೆ ಬ್ಯಾರನ್ ಕೊಟ್ಟಿರುತ್ತಾರೆ ಎಂದು ಓದುವಷ್ಟರಲ್ಲಿ ನನಗೆ ತಪ್ಪು ಹೊಳೆಯಿತು. "ಅ ಎಂದರೆ ಕೊಟ್ಟವರು ಎಂದು..." ಎಂದು ತೊದಲಿದೆ. "ಅದೆಲ್ಲಿ ಬರ್ದೈತೆ?" ಎಂದರು ಗೌಡರು. ಎಲ್ಲೂ ಬರೆದಿರಲಿಲ್ಲ, ನನ್ನ ತಲೆಯಲ್ಲಿತ್ತು.

"ನಂಗೆ ಅಕ್ಸರ ಬರಾಕಿಲ್ಲ ಸ್ವಾಮಿ. ನಿಮಗೆ ಬತ್ತದೆ ಅಂತ ಬಂದೆ," ಎಂದಳು ನಿಂಗಮ್ಮ. ನಾನು ಹೊಸ ಹಾಳೆಯೊಂದನ್ನು ಎಳೆದುಕೊಂಡೆ. ಅವಳೇ ಮುಂದುವರಿಸಿದಳು: "ಬ್ಯಾರನ್ ಯಾರ್ದು, ಈಸ್ಕೊಂಡೋರು ಯಾರು, ತಪ್ಪು ಬರ್ದೋರು ಯಾರು? ಒಬ್ಬೊಬ್ರ ಎಸ್ರಿನ ಮುಂದೂ ಅವ್ರೇನು ಅಂತ ಬರೀರಿ."

ಬರೆದೆ. ಬರೆದಂತೆ ಜೋರಾಗಿ ಓದಿದೆ. ಬ್ಯಾರನ್ನಿನ ಒಡತಿ: ನಿಂಗಮ್ಮ. ಈಸಿಕೊಂಡವರು: ಸಿದ್ದೇಗೌಡರು. ಎರಡನೇ ಸಾಲಿಗೇ ಜನ ನಗಲು ಶುರುಮಾಡಿದ್ದರು. "ನಾನೇನು ಕೊಡಾಕಿಲ್ಲ ಅಂದ್ನಾ?" ಎನ್ನುತ್ತ ಗೌಡರು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ನಡೆದರು.

ಕೆಲಸವಾಯಿತಲ್ಲ ಎಂದು ನಾನು ಲೇಖನಿ ಮುಚ್ಚಿದೆ. ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡ ನಿಂಗಮ್ಮ ಕದಲಲಿಲ್ಲ. "ಮೂರನೇ ಸಾಲು?" ಎಂದಳು. ತಪ್ಪು ಬರೆದವರು ಎಂದು ಬರೆದು, ಮುಂದೆ ನನ್ನ ಹೆಸರು, ತಂದೆಯ ಹೆಸರು, ಹುದ್ದೆ ತುಂಬಿ, ಎದ್ದು ನಿಂತು ಓದಿದೆ. ನಾನು ಬರೆದದ್ದು ಇಡೀ ಊರಿಗೆ ತಟ್ಟನೆ ಅರ್ಥವಾದದ್ದು ಅದೇ ಮೊದಲು.