ಉಗ್ರಾಣದ ಬಾಗಿಲು ಬಡಿಯುವುದು

ನಾವು ಮಾಡುವ ಕೆಲಸಗಳಲ್ಲಿ ಅರ್ಧಕ್ಕೆ ಕಾರಣವೇ ಇರುವುದಿಲ್ಲ. ಹಿಂದಿನವರು ಮಾಡಿದರು, ನಾವೂ ಮಾಡುತ್ತೇವೆ. ಉಗ್ರಾಣದ ಬಾಗಿಲು ಬಡಿದು, ಒಂದು ಉಸಿರು ನಿಂತು, ಆಮೇಲೆ ತೆಗೆಯುವುದು ನನ್ನ ಅಭ್ಯಾಸ. ನಮ್ಮತ್ತೆ ಹಾಗೇ ಮಾಡುತ್ತಿದ್ದರು. ಆಗಿನ ಮಣ್ಣಿನ ನೆಲದಲ್ಲಿ ಕೇರೆಹಾವು ಬರುತ್ತಿತ್ತಂತೆ. ಈಗ ಸಿಮೆಂಟಿನ ನೆಲ, ಇರುವೆಗೂ ಬಿಲವಿಲ್ಲ.

ನಮ್ಮ ಸೊಸೆ ಶ್ರುತಿ ಮನೆಯಲ್ಲೇ ಕೂತು ಕಂಪ್ಯೂಟರಿನ ಒಳಗಿನ ಕೆಲಸ ಮಾಡುತ್ತಾಳೆ. ಕಾಫಿ ಹೂ ಬಿಟ್ಟ ಕಾಲ. ನಮ್ಮೂರು ಜಾವಳಿಯ ತೋಟವೆಲ್ಲ ಬೆಳ್ಳಗೆ, ಆ ವಾಸನೆಗೆ ಹಗಲೇ ಕಣ್ಣು ಎಳೆಯುತ್ತದೆ. ಜಗಲಿಯಲ್ಲಿ ತೂಕಡಿಸುತ್ತ ಕೇಳಿದೆ, "ಏನೇ ಮಾರಾಯ್ತಿ, ಬೆಳಿಗ್ಗೆಯಿಂದ ಬರ್ದದ್ದನ್ನೆಲ್ಲ ಅಳಿಸ್ತಾ ಕೂತಿದ್ದೀಯಲ್ಲ?"

"ಡಿಸ್ಕ್ ಅಂದ್ರೆ ಕಾಫಿ ಗೋಡೌನ್ ಅಂದ್ಕೊಳ್ಳಿ ಅತ್ತೆ. ಹಿಡಿ ಲೆಕ್ಕ ಇಲ್ಲ, ಇಟ್ರೂ ತಂದ್ರೂ ಮೂಟೆ ಲೆಕ್ಕವೇ. ಒಂದೊಂದು ನಮೂನೆ ಡಿಸ್ಕಿಗೂ ಹೋಗಿಬರೋಕೆ ಬೇರೆ ಬೇರೆ ದಾರಿ ಮಾಡಿಟ್ಟಿದಾರೆ. ಎಲ್ಲಾ ಸೇರಿಸಿ ಒಂದೇ ದಾರಿ ಮಾಡ್ತಿದೀನಿ. ಹಳೇ ದಾರೀಲಿ ಬಾಗಿಲು ತೆಗೆಯೋ ಮುಂಚೆ ಸುಮ್ನೆ ಒಂಚೂರು ಕಾಯೋದಿದೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಕಿತ್ತುಹಾಕಿ ಯಾರದೋ ಡಿಸ್ಕ್ ತೆರೀದೇ ಹೋದ್ರೆ, ಇಷ್ಟು ತಿಂಗಳು ಮಾಡಿದ್ದನ್ನೆಲ್ಲ ಮೇಲಿನವರು ವಾಪಸ್ ಮುಖಕ್ಕೆ ಎಸೀತಾರೆ."

"ಕಾರಣ ಇಲ್ಲದ್ದು ಯಾಕೆ? ಕಿತ್ತು ಬಿಸಾಡು," ಅಂದೆ. ಬುದ್ಧಿ ಹೇಳಿದ ಮೇಲೆ ನಾನೂ ಹಾಗೇ ನಡೆಯಬೇಕಲ್ಲ. ಕಣ್ಣು ಮುಚ್ಚಿದರೆ ಅವಳ ಗೋಡೌನೇ ಕಾಣುತ್ತಿತ್ತು. ಕೊನೆಯಿಲ್ಲದ ಸಾಲು ಮೂಟೆ, ಮೇಲೆ ಬಿಳಿ ಹೂ ಉದುರುತ್ತಿದೆ, ಒಬ್ಬನೇ ಆಳು ಕಾಲಿನ ಸಪ್ಪಳವಿಲ್ಲದೆ ಹೊತ್ತು ತರುತ್ತಿದ್ದಾನೆ. ಆ ಮಂಪರಿನಲ್ಲೇ ಎದ್ದು ಹೋಗಿ, ಬಡಿಯದೆ ಉಗ್ರಾಣದ ಬಾಗಿಲು ನೂಕಿದೆ.

ಒಳಗೆ ನಮ್ಮ ಯಜಮಾನರು! ಜೋನಿಬೆಲ್ಲದ ಡಬ್ಬಿಯಲ್ಲಿ ಮಣಿಕಟ್ಟಿನವರೆಗೆ ಕೈ. ಸಕ್ಕರೆ ಕಾಯಿಲೆಯವರು, ಸಿಹಿಯ ಹೆಸರೂ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ. "ಬಾಗಿಲು ಬಡಿಯೋಕೆ ಏನಾಗಿತ್ತೇ ನಿಂಗೆ?" ಎಂದು ನನ್ನನ್ನೇ ಗದರಿದರು. ಮೀಸೆಯಿಂದ ಬೆಲ್ಲ ತೊಟ್ಟಿಕ್ಕುತ್ತಿತ್ತು. ಇಷ್ಟು ವರ್ಷ ಹಾವು ಓಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಇವರಿಗೆ ಬಾಯಿ ಒರೆಸಿಕೊಳ್ಳಲು ಪುರುಸೊತ್ತು ಕೊಡುತ್ತಿದ್ದೆ.

ಶ್ರುತಿ ನಕ್ಕು ನಕ್ಕು, ತಟ್ಟನೆ ಕಂಪ್ಯೂಟರಿನ ಕಡೆ ತಿರುಗಿದಳು. "ನನ್ನ ದಾರೀಲೂ ಯಾರೋ ಹೀಗೇ ಕೂತಿರ್ಬೋದು ಅತ್ತೆ," ಎಂದು ಹುಡುಕಿ ಹಳೆಯ ಡಿಸ್ಕೊಂದನ್ನು ಹಾಕಿ ನೋಡಿದಳು. ಕಾಯದೆ ಹೋದರೆ ಅದು ಕಣ್ಣೇ ಬಿಡಲಿಲ್ಲ. ಕಾಯುವುದನ್ನು ಉಳಿಸಿ, ಯಾಕೆಂದು ಪಕ್ಕದಲ್ಲಿ ಬರೆದು, ಮಿಕ್ಕಿದ್ದನ್ನೆಲ್ಲ ಒಂದೇ ದಾರಿ ಮಾಡಿ ಕಳಿಸಿದಳು. ಮೇಲಿನವರು ಒಪ್ಪಿದರು.

ನಾನು ಆ ಡಬ್ಬಿಯನ್ನು ಎತ್ತಿ ನನ್ನ ಮಂಚದ ಕೆಳಗೆ ಇಟ್ಟೆ. ಇನ್ನು ಮೇಲೆ ನನ್ನ ಕೋಣೆಗೆ ಬರುವವರು ಬಾಗಿಲು ಬಡಿದು, ಒಂದು ಉಸಿರು ನಿಂತು, ಆಮೇಲೆ ಒಳಗೆ ಬರಬೇಕೆಂದು ಎಲ್ಲರಿಗೂ ಹೇಳಿಟ್ಟಿದ್ದೇನೆ.